ಟಿಪ್ಪುವಿನ ಡೇರೆ ಶಾಮಿಯಾನವಾದ ಮನೆ

ಮಂಡ್ಯ ಕಡೆಯವನಾದ ನನಗೆ ವೇಲ್ಸ್‌ನ ಪೊವಿಸ್ ಕೋಟೆಯ ಮೇಲೆ ಒಂದು ಹಳೆಯ ಮುನಿಸಿದೆ. ಹೋದ ಬೇಸಿಗೆಯಲ್ಲಿ ನೋಡಿ ಬಂದೆ. ಮುನಿಸು ಇಳಿಯಲಿಲ್ಲ.

ಕೋಟೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ದಿಣ್ಣೆಯ ಮೇಲೆ ಕೆಂಗಲ್ಲಿನ ಗೋಡೆ. ವೆಲ್ಶ್ ಭಾಷೆಯಲ್ಲಿ ಅದರ ಹೆಸರೂ ಕೆಂಪು ಕೋಟೆಯೇ. ಹದಿಮೂರನೆಯ ಶತಮಾನದಲ್ಲಿ ವೆಲ್ಶ್ ಪಾಳೆಯಗಾರನೊಬ್ಬ ಕಾದಾಟಕ್ಕೆಂದು ಕಟ್ಟಿಸಿದ್ದು. 1587ರಲ್ಲಿ ಸರ್ ಎಡ್ವರ್ಡ್ ಹರ್ಬರ್ಟ್ ಕೊಂಡ ಮೇಲೆ ಮನೆಯಾಯಿತು. ಉದ್ದನೆಯ ಪಡಸಾಲೆ ಬಂತು, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾದ ತೋಟ ಬಂತು, ಕೊನೆಗೆ ಸಾಲವೂ ಬಂತು.

ಸಾಲ ತೀರಿದ್ದು ಮದುವೆಯಿಂದ. 1784ರಲ್ಲಿ ಆ ಮನೆಯ ಹೆನ್ರಿಯೆಟ್ಟಾಳನ್ನು ಎಡ್ವರ್ಡ್ ಕ್ಲೈವ್ ಮದುವೆಯಾದ. ಹೌದು, ಪ್ಲಾಸಿ ಕದನ ಗೆದ್ದು ಬಂಗಾಳದಲ್ಲಿ ದುಡ್ಡು ಮಾಡಿದ ರಾಬರ್ಟ್ ಕ್ಲೈವ್‌ನ ಮಗ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಇದೇ ಅಳಿಯ. ಮರುವರ್ಷ ಹೆನ್ರಿಯೆಟ್ಟಾ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಶ್ರೀರಂಗಪಟ್ಟಣ, ಬೆಂಗಳೂರು ಸುತ್ತಿ ಹೋದಳು. ಮುಂದೆ 1807ರಲ್ಲಿ ಅವರ ಮಗ ಸೋದರಮಾವನ ಆಸ್ತಿಗಾಗಿ ಕ್ಲೈವ್ ಎಂಬ ಹೆಸರು ಬಿಟ್ಟು ಹರ್ಬರ್ಟ್ ಆದ. ಬಂಗಾಳದ ದುಡ್ಡು ಉಳಿಯಿತು, ಅದರ ಹೆಸರು ಮಾತ್ರ ತೊಳೆದುಹೋಯಿತು!

ಆ ಮನೆಯಲ್ಲೀಗ ಟಿಪ್ಪುವಿನ ಸಿಂಹಾಸನದ ಒಂದು ಪುಟ್ಟ ಹುಲಿತಲೆಯಿದೆ. ಹರಳು ಕೂರಿಸಿದ ಚಿನ್ನ. ಗೆದ್ದ ಸೈನ್ಯ ಸಿಂಹಾಸನವನ್ನೇ ಒಡೆದು ಹಂಚಿಕೊಂಡಿತ್ತಲ್ಲ, ಅದರ ಚೂರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿನ್ನವಲ್ಲ, ಬಟ್ಟೆ. ಟಿಪ್ಪುವಿನ ಡೇರೆ. ಬಿಳಿ ಹತ್ತಿಯ ಮೇಲೆ ಕೆಂಪು, ಹಸಿರು ಹೂಗಳು, ಒಂದೊಂದು ಪಟ್ಟಿಯಲ್ಲೂ ಒಂದು ಹೂದಾನಿ. ಬಣ್ಣ ಮಾಸದಿರಲೆಂದು ಮಂದ ಬೆಳಕು. ಒಳಗೆ ನಿಂತರೆ ಮದುವೆ ಮನೆಯ ಚಪ್ಪರದಡಿ ನಿಂತಂತೆ.

ಇದನ್ನೇ ಆ ಮನೆಯವರು ಹುಲ್ಲುಹಾಸಿನ ಮೇಲೆ ಕಟ್ಟಿ ಗಾರ್ಡನ್ ಪಾರ್ಟಿ ಮಾಡುತ್ತಿದ್ದರು.

‘ಅವರ ಬಳಿ ಇದ್ದುದರಿಂದ ಉಳಿಯಿತು’ ಎನ್ನುವ ಸ್ನೇಹಿತರಿದ್ದಾರೆ. ಉಳಿದಿದ್ದು ನಿಜ. ನಮ್ಮ ಕೈಯಲ್ಲಿದ್ದರೆ ಗೆದ್ದಲು ತಿನ್ನುತ್ತಿತ್ತು ಎಂದರೂ ಜಗಳವಾಡುವುದಿಲ್ಲ. ಆದರೆ ಸೋತವನ ಡೇರೆಯಡಿ ಕುಳಿತು ಚಹಾ ಕುಡಿದದ್ದನ್ನು ಸಂರಕ್ಷಣೆ ಎನ್ನಬೇಡಿ. 1952ರಲ್ಲಿ ಕೋಟೆ, ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು. ಡೇರೆ ನಮ್ಮತ್ತ ಮರಳಲಿಲ್ಲ.

ಊರಿಗೆ ಬಂದವನು ಶ್ರೀರಂಗಪಟ್ಟಣಕ್ಕೆ ಹೋದೆ. ರಂಗನಾಥನ ಗುಡಿಯ ಹತ್ತಿರ ಟಿಪ್ಪುವಿನ ಅರಮನೆ ಲಾಲ್ ಮಹಲ್‌ನ ತಳಪಾಯವಷ್ಟೇ ಉಳಿದಿದೆ. ಅದರ ಮೇಲೆ ಮೇಕೆಯೊಂದು ನಿಂತು, ಗರಿಕೆ ಮೇಯುತ್ತಿತ್ತು.