ಅಜ್ಜಿಯ ತಾರೀಖಿನ ಲೆಕ್ಕ

ನಮ್ಮೂರು ಬೆಟಗೇರಿ. ನಾನೀಗ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಶುರು ಮಾಡಿದ ಬಾಸೆಲ್ ಮಿಷನ್ನಿನ ಪಾದ್ರಿಗಳಲ್ಲಿ ಎಷ್ಟೋ ಜನ ಇದೇ ಸೀಮೆಯವರು. ಅವರ ಸಭೆಯಲ್ಲೇ ನಮ್ಮ ಮನೆತನ ಬೆಳೆದದ್ದು. ಹಾಗಾಗಿ ಇಲ್ಲಿಯವರು ಬೈಬಲ್ ಓದುವ ರೀತಿಯನ್ನು ನಾನು ತುಂಬಾ ಆಸೆಯಿಂದ ನೋಡಿದೆ.

ನೆರೆಮನೆಯ ಹಿರಿಯಮ್ಮನ ಮೇಜಿನ ಮೇಲೆ ಒಂದು ಪುಟ್ಟ ಪುಸ್ತಕ ಇರುತ್ತದೆ, ಲೋಸುಂಗೆನ್. 1731ರಿಂದ ವರ್ಷವರ್ಷವೂ ಅಚ್ಚಾಗುತ್ತಿದೆ. ಹೆರ್ನ್‌ಹೂಟ್ ಎಂಬ ಊರಿನಲ್ಲಿ ಚೀಟಿ ಎತ್ತಿ, ದಿನಕ್ಕೊಂದು ಹಳೆಯ ಒಡಂಬಡಿಕೆಯ ವಚನ ಆರಿಸುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನ ಹುಡುಕಿ ಜೊತೆಗಿಡುತ್ತಾರೆ. ಹಿರಿಯಮ್ಮ ಬೆಳಿಗ್ಗೆ ಕಾಫಿ ಜೊತೆ ಅದನ್ನು ಓದಿ, ಸಂಜೆಯವರೆಗೂ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ.

ನಮ್ಮ ಅಜ್ಜಿಯ ಲೆಕ್ಕವೇ ಬೇರೆ. ಬೈಬಲ್ಲಿನ ವಿವೇಕದ ಮಾತುಗಳ ಪುಸ್ತಕ ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ. ಇವತ್ತು ಯಾವ ತಾರೀಖೋ ಆ ಅಧ್ಯಾಯ. ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಚಾಪೆ ಮೇಲೆ ಕೂತು, ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಓದಬೇಕು. ತನಗೆ ಇಷ್ಟವಾದ ವಚನ ಬಂದರೆ ಅಜ್ಜಿ ಕೈ ಎತ್ತಿ ನಿಲ್ಲಿಸುತ್ತಿದ್ದಳು, ಇನ್ನೊಮ್ಮೆ ಓದಿಸುತ್ತಿದ್ದಳು.

ಎರಡೂ ಒಳ್ಳೆಯವೇ. ಆದರೆ ವಿವೇಕದ ಮಾತಿಗೆ ಅಜ್ಜಿಯ ರೀತಿಯೇ ಸರಿ ಅಂತ ನನಗನಿಸುತ್ತದೆ. 26ನೇ ಅಧ್ಯಾಯವನ್ನೇ ನೋಡಿ. ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ ನಾಲ್ಕನೇ ವಚನ. ಕೊಡು ಎನ್ನುತ್ತದೆ ಐದನೆಯದು. ಒಂದನ್ನೇ ಎತ್ತಿಕೊಂಡರೆ ಅದು ಬರೀ ಅಪ್ಪಣೆ. ಎರಡನ್ನೂ ಒಟ್ಟಿಗೆ ಓದಿದರೆ ಎಲ್ಲಿ ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಅಂತ ನಾವೇ ಯೋಚಿಸಬೇಕಾಗುತ್ತದೆ.

ಇದು ನನಗೆ ತಿಳಿದದ್ದು ಒಂದು ಜಗಳದಲ್ಲಿ. ಅಪ್ಪನ ಮನೆ ಮಾರುವ ವಿಷಯಕ್ಕೆ ತಮ್ಮನ ಮೇಲೆ ಸಿಟ್ಟಾಗಿ ಉದ್ದದ ಪತ್ರ ಬರೆದಿಟ್ಟಿದ್ದೆ. ಕಳಿಸುವ ಮೊದಲು, ಬಹಳ ವರ್ಷಗಳ ಮೇಲೆ, ಅಜ್ಜಿಯ ಲೆಕ್ಕದಲ್ಲಿ ಬೈಬಲ್ ತೆಗೆದೆ. ಅವತ್ತು 18ನೇ ತಾರೀಖು. ಪೂರ್ತಿ ಕೇಳುವ ಮುಂಚೆ ಉತ್ತರ ಕೊಡುವವನು ಮೂರ್ಖ, ಅವನಿಗೆ ಅವಮಾನ ಅಂತ ಹದಿಮೂರನೇ ವಚನದಲ್ಲಿದೆ. ಮೊದಲು ಮಾತಾಡಿದವನೇ ಸರಿ ಅನಿಸುತ್ತದೆ, ಎದುರಿನವನು ಬಂದು ವಿಚಾರಿಸುವ ತನಕ ಅಂತ ಹದಿನೇಳನೆಯದರಲ್ಲಿದೆ. ನನ್ನ ಪತ್ರದಲ್ಲಿ ಎದುರಿನವನ ಮಾತೇ ಇರಲಿಲ್ಲ. ತಮ್ಮನಿಗೆ ಫೋನ್ ಮಾಡಿದೆ. ಅಮ್ಮನ ಔಷಧಿಗೆ ಅವನು ಸಾಲ ಮಾಡಿದ್ದ. ನನಗೆ ಹೇಳಿರಲಿಲ್ಲ.

ಜ್ಞಾನೋಕ್ತಿಗಳಲ್ಲಿ ಜ್ಞಾನವೇ ಒಬ್ಬ ಹೆಂಗಸು. ಆಕೆ ಕೂಗುವುದು ದೇವಾಲಯದ ಒಳಗೆ ನಿಂತಲ್ಲ. ಬೀದಿಯಲ್ಲಿ, ಊರಬಾಗಿಲಲ್ಲಿ, ದಾರಿಗಳು ಕೂಡುವ ಕಡೆ ನಿಂತು ಕೂಗುತ್ತಾಳೆ. ಒಂಬತ್ತನೇ ಅಧ್ಯಾಯದಲ್ಲಿ ಮೂಢತನವೂ ಬಾಗಿಲಲ್ಲಿ ಕೂತು ಅದೇ ಮಾತಿನಿಂದಲೇ ಕರೆಯುತ್ತದೆ: ತಿಳಿಯದವರು ಯಾರೋ ಇತ್ತ ಬರಲಿ. ನನ್ನ ಸಿಟ್ಟೂ ಅವತ್ತು ಹಾಗೆಯೇ ಕರೆದಿತ್ತು. ನ್ಯಾಯ ನಿನ್ನ ಕಡೆಗೇ ಇದೆ ಅಂದಿತ್ತು.

ಹೊರಗಿರುವ ನಮ್ಮವರು ಸಂಜೆಯ ಪ್ರಾರ್ಥನೆ ಬಿಟ್ಟಿದ್ದೇವೆ. ಬದಲಿಗೆ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಹೂವಿನ ಚಿತ್ರದ ಮೇಲೊಂದು ವಚನ ಕಳಿಸುತ್ತೇವೆ. ನನಗೆ ಇದು ನೋವಿನ ವಿಷಯ. ಕಳಿಸಿದ್ದು ಕೇಳಿದಂತೆ ಆಗುವುದಿಲ್ಲ, ಅಲ್ವಾ? ನಮ್ಮ ಕನ್ನಡದಲ್ಲಿ ‘ಕೇಳು’ ಅಂದರೆ ಕಿವಿಗೊಡುವುದು. ‘ಹೇಳಿದ ಮಾತು ಕೇಳು’ ಅಂದರೆ ಹಾಗೆ ನಡೆಯುವುದು. ಬೇಡಿಕೊಳ್ಳುವುದೂ ಕೇಳುವುದೇ. ಜ್ಞಾನ ಕಡಿಮೆ ಇದ್ದವನು ದೇವರನ್ನು ಕೇಳಲಿ ಅಂತ ಯಾಕೋಬನ ಪತ್ರದಲ್ಲಿದೆ. ಅರಸ ಸೊಲೊಮೋನ ಕನಸಿನಲ್ಲಿ ದೇವರನ್ನು ಬೇಡಿದ್ದು, ಹೀಬ್ರೂ ಮಾತಿನ ಪ್ರಕಾರ, ‘ಕೇಳುವ ಹೃದಯ’. ಲೂಥರ್ ಅದನ್ನು ‘ವಿಧೇಯ ಹೃದಯ’ ಅಂತ ಜರ್ಮನ್‌ಗೆ ತಂದರು. ಹಿರಿಯಮ್ಮನಿಗೆ ನಮ್ಮ ‘ಕೇಳು’ವಿನ ಮೂರು ಅರ್ಥ ಹೇಳಿದಾಗ, ಆ ಪದವನ್ನು ತಮ್ಮ ಪುಟ್ಟ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು.

ಈಗ ಭಾನುವಾರ ತಮ್ಮನೂ ನಾನೂ ವಿಡಿಯೋ ಕರೆಯಲ್ಲಿ ಓದುತ್ತೇವೆ. ಅಲ್ಲಿ ರಾತ್ರಿ ಊಟದ ಹೊತ್ತು, ಇಲ್ಲಿ ಇನ್ನೂ ಬಿಸಿಲು. ಅವನದೊಂದು ವಚನ, ನನ್ನದೊಂದು. ಅಜ್ಜಿ ಕೈ ಎತ್ತುತ್ತಿದ್ದ ಕಡೆ ಇಬ್ಬರೂ ನಿಲ್ಲುತ್ತೇವೆ.