ಕೊಂದವರು ನಮ್ಮವರಾದರೆ

ಮೊನ್ನೆ ಸೆಪ್ಟೆಂಬರ್ 17ರ ಸಭೆಯಿಂದ ಬಂದವನಿಗೆ ಇನ್ನೂ ಸಿಟ್ಟು ಇಳಿದಿಲ್ಲ. ಬೆಂಗಳೂರಿನಲ್ಲಿರುವ ಬೀದರ್, ಕಲಬುರಗಿ, ರಾಯಚೂರು ಕಡೆಯವರೆಲ್ಲ ಸೇರಿ ಮಾಡಿದ ವಿಮೋಚನಾ ದಿನದ ಸಭೆ ಅದು, 1948ರಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದನ್ನು ನೆನೆಯುವ ದಿನ. ಪಿಯುಸಿ ಓದುವ ಹುಡುಗಿಯೊಬ್ಬಳು ಗೋರಟಾ ಹತ್ಯಾಕಾಂಡದ ಬಗ್ಗೆ ಮಾತಾಡಿದಳು, ಬಹಳ ಚೆನ್ನಾಗಿ ಮಾತಾಡಿದಳು. ಮುಗಿಸುವಾಗ ವೇದಿಕೆ ಮೇಲಿದ್ದ ಹಿರಿಯರೊಬ್ಬರ ಕಡೆ ತಿರುಗಿ, "ಸರ್, ಪೊಲೀಸ್ ಕಾರ್ಯಾಚರಣೆ ಆದಮ್ಯಾಲ ನಮ್ಮ ಹಳ್ಳ್ಯಾಗ ಮುಸಲ್ಮಾನರಿಗೆ ಏನಾಯ್ತು? ಪುಸ್ತಕದಾಗ ಅದಿಲ್ಲ" ಅಂತ ಕೇಳಿದಳು. "ಅದೆಲ್ಲ ಈಗ ಬ್ಯಾಡವ್ವ, ಇವತ್ತು ಹಬ್ಬದ ದಿವಸ" ಅಂದರು ಹಿರಿಯರು. ಒಂದಿಬ್ಬರು ನಕ್ಕರು. ಹುಡುಗಿ ಮೈಕ್ ಇಟ್ಟು ಕೆಳಗಿಳಿದಳು.

ಯಾಕೆ ಬೇಡ? ಅವತ್ತು ಬೇಡವಾದರೆ ಯಾವತ್ತು?

ನಾನು ಭಾಲ್ಕಿ ಕಡೆಯವನು ಅನ್ನೋದು ನಿಮಗೆಲ್ಲ ಗೊತ್ತು. ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿಯ ಕಥೆ ಕೇಳದೆ ನಮ್ಮ ಮನೆಯಲ್ಲಿ ಯಾರೂ ದೊಡ್ಡವರಾಗಲಿಲ್ಲ. 1948ರ ಮೇ 9ರಂದು ಬಸವಕಲ್ಯಾಣ ಸೀಮೆಯ ಗೋರಟಾಕ್ಕೆ ನುಗ್ಗಿದ ರಜಾಕಾರರು ಇನ್ನೂರರಷ್ಟು ಜನರನ್ನು ಕೊಂದರು. ನಮ್ಮ ಮುತ್ಯಾ ಆ ಬೇಸಿಗೆಯಲ್ಲೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಓಡಿಹೋದವರು. ನಿಜಾಮನ ಗಡಿ ದಾಟಿದರೆ ಜೀವ ಉಳಿದಂತೆ ಅಂತ ಆಗ ಸಾವಿರಾರು ಕುಟುಂಬಗಳು ಹಾಗೇ ಹೋದವು. ಗೋರಟಾದಲ್ಲಿ ಇವತ್ತು ಹುತಾತ್ಮರ ಸ್ಮಾರಕವಿದೆ. ಇರಲೇಬೇಕು. ಆ ಹೆಣಗಳ ಲೆಕ್ಕವನ್ನು ಯಾರೂ ಒಂದು ಅಂಕಿಯಷ್ಟೂ ಕಡಿಮೆ ಮಾಡಕೂಡದು.

ಆದರೆ ಸೆಪ್ಟೆಂಬರ್ 13ಕ್ಕೆ 'ಪೊಲೀಸ್ ಕಾರ್ಯಾಚರಣೆ' ಅನ್ನುವ ಹೆಸರಿನಲ್ಲಿ ಭಾರತದ ಸೇನೆ ಬಂತು, 17ಕ್ಕೆ ನಿಜಾಮ ಶರಣಾದ, ಅಲ್ಲಿಗೆ ನಮ್ಮ ಪಾಠ ಮುಗಿಯುತ್ತದೆ. ಹಳ್ಳಿಗಳಲ್ಲಿ ಅದು ಮುಗಿಯಲಿಲ್ಲ. ನೆಹರೂ ಸರ್ಕಾರ ಪಂಡಿತ್ ಸುಂದರ್‌ಲಾಲ್, ಖಾಜಿ ಅಬ್ದುಲ್ ಗಫಾರ್ ಮುಂತಾದವರ ಒಂದು ತಂಡವನ್ನು ಅದೇ ವರ್ಷದ ಕೊನೆಯಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಕಳಿಸಿತು. ಆ ತಂಡ ಊರೂರು ತಿರುಗಿ ಕೊಟ್ಟ ಅಂದಾಜು: ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದಾದ ಮೇಲೆ ಸತ್ತವರು 27,000ದಿಂದ 40,000. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ್, ಗುಲ್ಬರ್ಗಾ ಮತ್ತು ಬೀದರ್. ಅಂದರೆ ನಮ್ಮ ಎರಡು ಜಿಲ್ಲೆಗಳು. ಗೃಹಮಂತ್ರಿ ಸರ್ದಾರ್ ಪಟೇಲರು ಆ ವರದಿಯನ್ನು ಒಪ್ಪಲಿಲ್ಲ, ಅದು ಪ್ರಕಟವಾಗಲೂ ಇಲ್ಲ, ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು. ಸಂಖ್ಯೆಯ ಬಗ್ಗೆ ಜಗಳವಾಡುವವರು ಆಡಲಿ. ಅರ್ಧಕ್ಕೆ ಇಳಿಸಿ, ಕಾಲುಭಾಗಕ್ಕೆ ಇಳಿಸಿ, ಆಗಲೂ ಅದು ಸ್ವತಂತ್ರ ಭಾರತದ ಅತಿ ದೊಡ್ಡ ನರಮೇಧಗಳಲ್ಲೊಂದು. ಅದು ನಡೆದದ್ದು ನನ್ನ ಹೊಲದ ಸುತ್ತಮುತ್ತ. ಶಾಲೆಯಲ್ಲಿ ಒಬ್ಬ ಮೇಷ್ಟ್ರೂ ನನಗೆ ಅದನ್ನು ಹೇಳಲಿಲ್ಲ.

ಮುತ್ಯಾನೂ ಹೇಳಲಿಲ್ಲ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ರಜಾಕಾರರ ಕುದುರೆಗಳ ಬಣ್ಣ ಕೂಡ ನೆನಪಿಟ್ಟಿದ್ದ ಮನುಷ್ಯ, ಸೊಲ್ಲಾಪುರದಿಂದ ತಿರುಗಿ ಬಂದಾಗ ಊರಿನ ಮುಸಲ್ಮಾನರ ಓಣಿ ಹೇಗಿತ್ತು ಅಂತ ಕೇಳಿದರೆ ಎದ್ದು ದನದ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು. ನಮ್ಮ ಆಯಿ ಒಮ್ಮೆ ಮಾತ್ರ, ಅವರಿಲ್ಲದಾಗ, "ಆ ಬಾವಿ ನೀರು ಬಹಳ ದಿವಸ ಯಾರೂ ಕುಡೀಲಿಲ್ಲಪ್ಪ" ಅಂದಿದ್ದಳು. ಮುತ್ಯಾ ಕೊಂದವರಲ್ಲ, ಅದು ನನಗೆ ಗೊತ್ತು. ಕೊಂದವರು ಯಾರು ಅಂತ ಅವರಿಗೆ ಗೊತ್ತಿತ್ತು, ಅವರ ಜೊತೆಗೇ ಜಾತ್ರೆ ಮಾಡಿದರು, ಬೀಗತನ ಮಾಡಿದರು. ಅವರ ಬಗ್ಗೆ ನನಗೆ ಎಷ್ಟು ಪ್ರೀತಿಯಿದೆಯೋ ಈ ಮೌನದ ಬಗ್ಗೆ ಅಷ್ಟೇ ಸಂಕಟವಿದೆ.

ಈಗ ಕಾಮೆಂಟಿನಲ್ಲಿ ಏನು ಬರುತ್ತದೆ ಅಂತ ಗೊತ್ತು. "ರಜಾಕಾರರು ಮಾಡಿದ್ದಕ್ಕೆ ಪ್ರತೀಕಾರ ಅದು, ಸಹಜ." ಯಾರ ಮೇಲೆ ಪ್ರತೀಕಾರ? ರಜಾಕಾರರ ನಾಯಕ ಕಾಸಿಂ ರಜ್ವಿ ಜೈಲಿನಲ್ಲಿ ಕೂತು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ನಿಜಾಮನ ಪ್ರಧಾನಿ ಲಾಯಕ್ ಅಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಅಲ್ಲಿಗೇ ಹೋದ. ನಿಜಾಮರಂತೂ 1950ರಿಂದ 1956ರವರೆಗೆ ಭಾರತ ಸರ್ಕಾರದ ಅಡಿಯಲ್ಲೇ ರಾಜಪ್ರಮುಖರಾಗಿದ್ದರು. ಹಾಗಾದರೆ ಬೆಲೆ ತೆತ್ತವರು ಯಾರು? ಕೈಮಗ್ಗದವರು, ಪಿಂಜಾರರು, ಕಟುಕರು, ಕೂಲಿಯವರು, ಅವರ ಹೆಂಡತಿ ಮಕ್ಕಳು. ಹೈದರಾಬಾದು ಭಾರತಕ್ಕೆ ಸೇರಬೇಕು ಅಂತ ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ರಜಾಕಾರರು ಕೊಚ್ಚಿ ಕೊಂದ ಪತ್ರಕರ್ತ ಶೋಯೆಬುಲ್ಲಾ ಖಾನ್ ಕೂಡ ಮುಸಲ್ಮಾನನೇ. ಅವನ ಹೆಸರು ನಮ್ಮ ಸಭೆಯಲ್ಲಿ ಯಾರಾದರೂ ಹೇಳಿದರಾ? ಇಲ್ಲ. ಅದೇ ಸುಂದರ್‌ಲಾಲ್ ವರದಿಯಲ್ಲಿ, ಪ್ರಾಣ ಪಣಕ್ಕಿಟ್ಟು ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳ ಮಾತೂ ಇದೆ. ಆ ಪುಣ್ಯವಂತರ ಹೆಸರೂ ನಮಗೆ ಬೇಡವಾಯಿತು, ಯಾಕೆಂದರೆ ಅವರನ್ನು ನೆನೆದರೆ ಯಾರಿಂದ ಕಾಪಾಡಿದರು ಅನ್ನೋದನ್ನೂ ಹೇಳಬೇಕಾಗುತ್ತದೆ.

ಇದು ಬೀದರಿನ ಕಥೆ ಮಾತ್ರ ಅಲ್ಲ, ಇಡೀ ದೇಶದ ಅಭ್ಯಾಸ. ಜಲಿಯನ್‌ವಾಲಾಬಾಗ್ ಬಗ್ಗೆ ಏಳನೇ ಕ್ಲಾಸಿನ ಯಾವ ಮಗುವನ್ನಾದರೂ ಕೇಳಿ, 1919, ಏಪ್ರಿಲ್ 13, ಡಯರ್ ಅಂತ ಪಟಪಟ ಹೇಳುತ್ತದೆ. ಸರ್ಕಾರಿ ಲೆಕ್ಕದಲ್ಲೇ 379 ಸಾವು. ಹೇಳಬೇಕು. ಈಗ 1968ರ ಡಿಸೆಂಬರ್ 25, ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿ ಅಂತ ಕೇಳಿ. ಕೂಲಿ ಹೆಚ್ಚಿಸಿ ಅಂತ ಕೆಂಪು ಬಾವುಟ ಹಿಡಿದದ್ದಕ್ಕೆ ಜಮೀನ್ದಾರರ ಗುಂಪು ದಲಿತರ ಕೇರಿಗೆ ನುಗ್ಗಿತು. ಓಡಿಹೋಗಲಾಗದವರು ಒಂದು ಗುಡಿಸಲಿನಲ್ಲಿ ಅಡಗಿದರು. ಅದಕ್ಕೆ ಬೆಂಕಿ ಹಚ್ಚಿದರು. 44 ಜನ ಸುಟ್ಟುಹೋದರು, ಬಹುಪಾಲು ಹೆಂಗಸರು, ಮಕ್ಕಳು. ಕೆಳಗಿನ ಕೋರ್ಟು ಕೆಲವರಿಗೆ ಶಿಕ್ಷೆ ಕೊಟ್ಟಿತ್ತು. 1973ರಲ್ಲಿ ಮದ್ರಾಸ್ ಹೈಕೋರ್ಟು ಅವರನ್ನೂ ಬಿಟ್ಟಿತು. ಆರೋಪಿಗಳು ದೊಡ್ಡ ಜಮೀನಿನ ಶ್ರೀಮಂತರು, ಮುಖ್ಯ ಆರೋಪಿಗೆ ಕಾರಿದೆ, ಇಂಥವರು ಖುದ್ದಾಗಿ ನಡೆದುಹೋಗಿ ಬೆಂಕಿ ಹಚ್ಚಿದರೆಂದು ನಂಬುವುದು ಕಷ್ಟ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಇದನ್ನು ಮೊದಲ ಸಲ ಓದಿದಾಗ ನನಗೆ ಅನ್ನ ಸೇರಲಿಲ್ಲ.

ಬಿಹಾರಕ್ಕೆ ಬನ್ನಿ. 1996ರ ಜುಲೈನಲ್ಲಿ ಬಥಾನಿ ಟೋಲಾ, 21 ಜನ. 1997ರ ಡಿಸೆಂಬರ್ 1ರ ರಾತ್ರಿ ಲಕ್ಷ್ಮಣಪುರ ಬಾಥೆ, 58 ಜನ. ಮೇಲ್ಜಾತಿ ಜಮೀನ್ದಾರರ ಖಾಸಗಿ ಪಡೆಯಾದ ರಣವೀರ ಸೇನೆಯವರು ಸೋನ್ ನದಿ ದಾಟಿ ಬಂದು, ಮಲಗಿದ್ದವರ ಮೇಲೆ ಗುಂಡು ಹಾರಿಸಿ, ವಾಪಸು ಹೋಗುವಾಗ ದೋಣಿ ನಡೆಸಿದವರನ್ನೂ ಕೊಂದು ಹೋದರು. ಇದು ರಾಷ್ಟ್ರದ ನಾಚಿಕೆ ಅಂತ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅಂದರು. 2010ರಲ್ಲಿ ಪಾಟ್ನಾದ ಕೋರ್ಟು 16 ಮಂದಿಗೆ ಮರಣದಂಡನೆ, 10 ಮಂದಿಗೆ ಜೀವಾವಧಿ ಕೊಟ್ಟಿತು. 2013ರಲ್ಲಿ ಹೈಕೋರ್ಟು 26 ಮಂದಿಯನ್ನೂ ಖುಲಾಸೆ ಮಾಡಿತು. ಬಥಾನಿ ಟೋಲಾದವರನ್ನು ಅದರ ಹಿಂದಿನ ವರ್ಷವೇ ಬಿಟ್ಟಾಗಿತ್ತು. ಆಂಧ್ರದ ಚುಂಡೂರಿನಲ್ಲಿ 1991ರಲ್ಲಿ ಎಂಟು ದಲಿತರ ಕೊಲೆ, 2014ರಲ್ಲಿ ಎಲ್ಲರ ಖುಲಾಸೆ. ಅಸ್ಸಾಮಿನ ನೆಲ್ಲಿಯಲ್ಲಿ 1983ರ ಫೆಬ್ರವರಿ 18ರಂದು ಕೆಲವೇ ತಾಸುಗಳಲ್ಲಿ ಸರ್ಕಾರಿ ಲೆಕ್ಕದಂತೆ 1,800ಕ್ಕೂ ಹೆಚ್ಚು ಜನ ಸತ್ತರು. ಕೋರ್ಟಿನಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ, 1985ರ ಅಸ್ಸಾಂ ಒಪ್ಪಂದದ ನಂತರ ಕೇಸುಗಳನ್ನೇ ಕೈಬಿಟ್ಟರು.

ಬೇರೆ ರಾಜ್ಯಗಳ ಮಾತಾಯಿತು, ನಾವು ಬಸವಣ್ಣನ ನಾಡಿನವರು, ಸರಿ. 2000ನೇ ಇಸವಿಯ ಮಾರ್ಚ್ 11, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. 1938ರಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗೋಲಿಬಾರ್ ನಡೆದ ವಿದುರಾಶ್ವತ್ಥ ಕೂಡ ಇವತ್ತಿನ ಅದೇ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಅಲ್ಲಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ಯುತ್ತೇವೆ, ಸತ್ತವರಿಗೆ ಕೈ ಮುಗಿಸುತ್ತೇವೆ. ಕಂಬಾಲಪಲ್ಲಿಯ ಹೆಸರನ್ನಾದರೂ ಆ ಮಕ್ಕಳಿಗೆ ಹೇಳುತ್ತೇವಾ?

ನನ್ನ ವಕೀಲ ಗೆಳೆಯರೊಬ್ಬರು ಯಾವಾಗಲೂ ಹೇಳುವ ಮಾತಿದೆ: "ಗುಂಪು ಮಾಡಿದ ಕೊಲೆಯಲ್ಲಿ ಯಾರ ಕೈಯಲ್ಲಿ ಏನಿತ್ತು ಅಂತ ಸಾಬೀತಾಗಬೇಕು ಮಾರಾಯ, ಸಿಟ್ಟಿನ ಮೇಲೆ ಗಲ್ಲಿಗೆ ಹಾಕೋಕಾಗಲ್ಲ." ಒಪ್ಪುತ್ತೇನೆ, ನಿರಪರಾಧಿ ಜೈಲಿಗೆ ಹೋಗುವುದು ನನಗೂ ಬೇಡ. ಆದರೆ ಸಾಕ್ಷ್ಯ ತಾನಾಗಿ ಸಾಯುವುದಿಲ್ಲ. 1987ರ ಮೇ 22ರಂದು ಮೀರತ್ತಿನ ಹಾಶಿಂಪುರದಿಂದ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ ಪಿಎಸಿ ಮುಸ್ಲಿಂ ಗಂಡಸರನ್ನು ಲಾರಿಯಲ್ಲಿ ತುಂಬಿಕೊಂಡು ಹೋಗಿ, ಗುಂಡಿಕ್ಕಿ, ಕಾಲುವೆಗೆ ಎಸೆಯಿತು. 2015ರಲ್ಲಿ ದೆಹಲಿಯ ಕೋರ್ಟು 16 ಆರೋಪಿಗಳನ್ನು ಬಿಟ್ಟಿತು, ಸಾಕ್ಷ್ಯ ಸಾಲದು ಅಂತ. ಮಾನವ ಹಕ್ಕುಗಳ ಆಯೋಗ ನಡುವೆ ಬಂದು ಹಟ ಹಿಡಿದ ಮೇಲೆ ಪೊಲೀಸರ ಹಳೆಯ ದಾಖಲೆಗಳೇ ಹೊರಬಂದವು. 2018ರಲ್ಲಿ ದೆಹಲಿ ಹೈಕೋರ್ಟು ಆ ಹದಿನಾರೂ ಮಂದಿಗೆ ಜೀವಾವಧಿ ಕೊಟ್ಟಿತು. ಮೂವತ್ತೊಂದು ವರ್ಷ ಆ ಕಾಗದ ಎಲ್ಲಿತ್ತು? ಸರ್ಕಾರದ ಕೈಯಲ್ಲೇ ಇತ್ತು. ವಡೋದರಾದ ಬೆಸ್ಟ್ ಬೇಕರಿಯಲ್ಲಿ 14 ಜನರನ್ನು ಕೊಂದ ಕೇಸನ್ನು ಸುಪ್ರೀಂ ಕೋರ್ಟು 2004ರಲ್ಲಿ ಮಹಾರಾಷ್ಟ್ರಕ್ಕೆ ವರ್ಗಾಯಿಸಿತು. ಗುಜರಾತಿನಲ್ಲಿ ಎಲ್ಲರೂ ಖುಲಾಸೆಯಾಗಿದ್ದ ಅದೇ ಕೇಸಿನಲ್ಲಿ ಮುಂಬೈ ಕೋರ್ಟು ಒಂಬತ್ತು ಮಂದಿಗೆ ಶಿಕ್ಷೆ ಕೊಟ್ಟಿತು. ಆರೋಪಿಯ ಹೊಲದಲ್ಲೇ ನಾಳೆ ಕೂಲಿಗೆ ಹೋಗಬೇಕಾದವಳು, ಆರೋಪಿಯ ಮನೆ ಮುಂದೆಯೇ ನೀರಿಗೆ ನಡೆಯಬೇಕಾದವಳು ಕಟಕಟೆಯಲ್ಲಿ ನಿಂತು ಬೆರಳು ತೋರಿಸಬೇಕು ಅಂತ ಕೇಳುತ್ತೇವೆ. ಅವಳಿಗೆ ಕಾವಲಿಲ್ಲ, ಬೇರೆ ಊರಿನಲ್ಲಿ ಬದುಕಿಲ್ಲ. ತಿರುಗಿಬಿದ್ದಳು ಅಂತ ಅವಳ ಮೇಲೇ ಬರೆದು ಫೈಲು ಮುಚ್ಚುತ್ತೇವೆ.

ಜನಾಂಗಹತ್ಯೆ ತಡೆಯುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1959ರಲ್ಲೇ ಅನುಮೋದಿಸಿದೆ. ಅದಕ್ಕೆ ತಕ್ಕ ಕಾನೂನು ಇವತ್ತಿಗೂ ನಮ್ಮಲ್ಲಿಲ್ಲ. 1984ರ ಸಿಖ್ಖರ ಹತ್ಯೆಗೆ ಸಂಬಂಧಿಸಿ 2018ರಲ್ಲಿ ಕಾಂಗ್ರೆಸ್ ನಾಯಕರಾಗಿದ್ದ ಸಜ್ಜನ್ ಕುಮಾರ್‌ಗೆ ಶಿಕ್ಷೆ ಕೊಟ್ಟಾಗ ದೆಹಲಿ ಹೈಕೋರ್ಟು ಇದನ್ನು ಬಾಯಿಬಿಟ್ಟು ಹೇಳಿತು. ದೆಹಲಿಯಲ್ಲೇ ಸರ್ಕಾರಿ ಲೆಕ್ಕದಲ್ಲಿ 2,733 ಜನ ಸತ್ತ ಹತ್ಯಾಕಾಂಡ ಅದು. ಒಬ್ಬ ದೊಡ್ಡ ಮನುಷ್ಯನಿಗೆ ಜೀವಾವಧಿ ಆಗಲು ಮೂವತ್ತನಾಲ್ಕು ವರ್ಷ ಬೇಕಾಯಿತು.

ಹಳೆಯ ಗಾಯ ಕೆದಕಬೇಡ ಅನ್ನುವ ಹಿರಿಯರಿಗೆ ನನ್ನ ಉತ್ತರ ಇಷ್ಟೇ: ಗೋರಟಾದ ಗಾಯವನ್ನು ನಾವು ಪ್ರತಿ ವರ್ಷ ಮೈಕಿನಲ್ಲಿ ಹೇಳುತ್ತೇವಲ್ಲ ಕಾಕಾ, ಅದರಿಂದ ಯಾರ ಮನೆಯೂ ಮುರಿಯಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದನ್ನೂ ಹೇಳೋಣ. ಸುಂದರ್‌ಲಾಲ್ ವರದಿಯನ್ನು ಕನ್ನಡದಲ್ಲಿ ಬೀದರ್, ಕಲಬುರಗಿಯ ಎಲ್ಲ ಗ್ರಂಥಾಲಯಗಳಲ್ಲಿ ಇಡಲಿ. ಪಟೇಲರು ಅದನ್ನು ಯಾಕೆ ಒಪ್ಪಲಿಲ್ಲ ಅನ್ನೋದನ್ನೂ ಜೊತೆಗೇ ಇಡಲಿ. ಪಿಯುಸಿ ಓದುವವರಿಗೆ ಎರಡನ್ನೂ ಓದಿ ತಿಳಿಯುವಷ್ಟು ಬುದ್ಧಿಯಿದೆ.

ಆಗ ಹತ್ತು ವರ್ಷದ ಮಕ್ಕಳಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣ, ಆಳಂದ ಕಡೆ ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥ ಹಿರಿಯರಿದ್ದರೆ, ಹಿಂದೂ ಇರಲಿ ಮುಸಲ್ಮಾನ ಇರಲಿ, ಮೇ ತಿಂಗಳ ಕಥೆಯನ್ನೂ ಸೆಪ್ಟೆಂಬರ್ ಆದಮೇಲಿನ ಕಥೆಯನ್ನೂ ಹೇಳಲು ಒಪ್ಪಿದರೆ, ನನಗೆ ಇನ್‌ಬಾಕ್ಸಿನಲ್ಲಿ ತಿಳಿಸಿ. ದೀಪಾವಳಿ ರಜೆಗೆ ಊರಿಗೆ ಹೋಗುತ್ತಿದ್ದೇನೆ, ಕೂತು ಧ್ವನಿಮುದ್ರಣ ಮಾಡಿಕೊಳ್ಳುತ್ತೇನೆ. ಹೆಸರು ಬೇಡ ಅಂದರೆ ಹೆಸರು ಎಲ್ಲೂ ಹಾಕುವುದಿಲ್ಲ.