ಪರಿಹಾರಕ್ಕೆ ಎರಡನೇ ಕ್ಯೂ ಬೇಕಾ?

ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನಲ್ಲಿ ಮನೆಯನ್ನೋ ಕೆಲಸವನ್ನೋ ಕಳೆದುಕೊಂಡ ಲ್ಯಾಟಿನೋ (ಮೆಕ್ಸಿಕೋದಂಥ ಲ್ಯಾಟಿನ್ ಅಮೆರಿಕ ದೇಶಗಳ ಮೂಲದ) ಕುಟುಂಬಗಳಲ್ಲಿ ವಲಸೆ ಕಾಗದ ಇಲ್ಲದವರೂ ಇದ್ದಾರೆ. ಕೇಂದ್ರ ಸರ್ಕಾರದ ನಗದು ನೆರವು ಅವರ ಹೆಸರಿಗೆ ಬರುವುದಿಲ್ಲ. ಅವರಿಗಾಗಿಯೇ ಒಂದು ಪ್ರತ್ಯೇಕ ನಿಧಿ ಇರಬೇಕಾ? ಎರಡೂ ಕಡೆಯ ವಾದ ನಾನೇ ಬರೆದಿದ್ದೇನೆ. ಎತ್ತ ವಾಲಿದ್ದೇನೆ ಅನ್ನುವುದನ್ನು ಬಚ್ಚಿಡಲು ಹೋಗಿಲ್ಲ.

ಪರ: ಬೇಕೇ ಬೇಕು

2025ರ ಜನವರಿ 7ರಂದು ಲಾಸ್ ಏಂಜಲೀಸ್‌ನಲ್ಲಿ ಸಾಂಟಾ ಆನಾ ಗಾಳಿ ಬೀಸುತ್ತಿತ್ತು. ಒಳನಾಡಿನ ಮರುಭೂಮಿ ಕಡೆಯಿಂದ ಕಡಲಿನತ್ತ ನುಗ್ಗುವ ಒಣ ಗಾಳಿ ಅದು. ಬೆಳಗ್ಗೆ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಬೆಂಕಿ ಹತ್ತಿತು. ಸಂಜೆ ಈಟನ್ ಕಣಿವೆಯಲ್ಲಿ ಹತ್ತಿದ ಬೆಂಕಿ ಆಲ್ಟಡೀನಾಕ್ಕೆ ಇಳಿಯಿತು. ಎರಡೂ ಸೇರಿ 16,000ಕ್ಕೂ ಹೆಚ್ಚು ಕಟ್ಟಡ ಸುಟ್ಟವು. 30 ಜನ ಸತ್ತರು ಅಂತ ಮೊದಲು ಲೆಕ್ಕ ಸಿಕ್ಕಿತು, ಆಮೇಲೆ ಇನ್ನೂ ಒಂದು ಹೆಣ ಸಿಕ್ಕಿತು.

ಸುಟ್ಟ ಮನೆಗಳನ್ನು ಎಣಿಸುವುದು ಸುಲಭ. ಆ ಮನೆಗಳನ್ನು ನಂಬಿಕೊಂಡು ಬದುಕಿದವರನ್ನು ಎಣಿಸುವುದು ಕಷ್ಟ.

ಆಲ್ಟಡೀನಾದಲ್ಲಿ ಹುಲ್ಲುಹಾಸು ನೋಡಿಕೊಳ್ಳುವ ಒಬ್ಬ ಮಾಲಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಹಳೇ ಪಿಕಪ್ ಟ್ರಕ್. ಹಿಂದೆ ಹುಲ್ಲು ಕತ್ತರಿಸುವ ಯಂತ್ರ, ಎಲೆ ಊದುವ ಬ್ಲೋವರ್, ಎರಡು ಕುಂಟೆ. ಸೋಮವಾರ ಇಷ್ಟು ಮನೆ, ಮಂಗಳವಾರ ಇಷ್ಟು ಮನೆ ಅಂತ ಲೆಕ್ಕ. ಇದಕ್ಕೆ ಅಲ್ಲಿ ‘ರೂಟ್’ ಅಂತಾರೆ. ನಮ್ಮಲ್ಲಿ ಪೇಪರ್ ಹಾಕುವವರಿಗೆ ಲೈನ್ ಇರುತ್ತದಲ್ಲ, ಹಾಗೆ. ಅದನ್ನು ದುಡ್ಡು ಕೊಟ್ಟು ಕೊಳ್ಳುವವರೂ ಇದ್ದಾರೆ, ಮಾರುವವರೂ ಇದ್ದಾರೆ. ಇವನ ಬಾಡಿಗೆ ಮನೆ ಬೇರೆ ಊರಲ್ಲಿ ಗಟ್ಟಿಯಾಗಿ ನಿಂತಿದೆ. ಸುಟ್ಟುಹೋಗಿದ್ದು ರೂಟ್. ನಷ್ಟ ಅಂದಾಜು ಮಾಡುವ ಇನ್‌ಸ್ಪೆಕ್ಟರ್ ಬಂದು ಏನು ನಷ್ಟ ಅಂತ ಕೇಳಿದರೆ ಇವನು ಏನು ತೋರಿಸಬೇಕು? ಮನೆಗೆಲಸದವರದೂ ಮಗು ನೋಡಿಕೊಳ್ಳುವವರದೂ ಇದೇ ಕತೆ. ಸಂಬಳ ಕೈಗೆ ನಗದು, ಚೀಟಿ ಗೀಟಿ ಏನೂ ಇಲ್ಲ. ಗ್ಯಾರೇಜಿನಲ್ಲಿ ಬಾಯಿಮಾತಿನ ಬಾಡಿಗೆಗೆ ಇದ್ದವರಿಗೆ ತಾವು ಅಲ್ಲಿ ಇದ್ದೆವು ಅನ್ನುವುದನ್ನೇ ತೋರಿಸಲು ಆಗುವುದಿಲ್ಲ.

ಇನ್ನು ಕಾನೂನು. ಕೇಂದ್ರದ ವಿಪತ್ತು ಸಂಸ್ಥೆ ಫೆಮಾ ನಗದು ಕೊಡುವುದು ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ, ನಿರಾಶ್ರಿತರಂಥ ಕೆಲವರಿಗೆ ಮಾತ್ರ. 1996ರ ಕಾನೂನಿನಿಂದ ಬಂದ ಗೆರೆ ಇದು. ತಾತ್ಕಾಲಿಕ ಆಸರೆ, ಊಟ, ನೀರು ಯಾರು ಬಂದರೂ ಸಿಗುತ್ತದೆ. ಆದರೆ ಮುಂದಿನ ತಿಂಗಳ ಬಾಡಿಗೆ? ವಿಪತ್ತಿನಲ್ಲಿ ಕೆಲಸ ಹೋದವರಿಗೆ ಕೊಡುವ ಭತ್ಯೆಗೂ ಕೆಲಸದ ಪರವಾನಗಿ ಇರಬೇಕು.

ಈ ಸಂದಿಯಲ್ಲಿ ಬಿದ್ದವರಿಗಾಗಿಯೇ ಹುಟ್ಟಿದ್ದು ಅನ್‌ಡಾಕ್ಯುಫಂಡ್ ಅನ್ನುವ ದೇಣಿಗೆ ನಿಧಿ. 2017ರ ಅಕ್ಟೋಬರಿನಲ್ಲಿ ಟಬ್ಸ್ ಬೆಂಕಿ ಸಾಂಟಾ ರೋಸಾ ಊರನ್ನು ಹೊಕ್ಕಿತು. 22 ಜನ ಸತ್ತರು. ಸುತ್ತ ಸೊನೋಮಾದ ದ್ರಾಕ್ಷಿ ತೋಟಗಳು, ಅಲ್ಲಿ ದುಡಿಯುವ ವಲಸಿಗರು. ದಿನಗೂಲಿಯವರ ಕೇಂದ್ರವೊಂದು ಇನ್ನೆರಡು ಸ್ಥಳೀಯ ಸಂಘಟನೆಗಳ ಜೊತೆ ಸೇರಿ ಜನರಿಂದ ದೇಣಿಗೆ ಎತ್ತಿತು. ಸುಮಾರು 60 ಲಕ್ಷ ಡಾಲರ್ ಕೂಡಿತು. ಸುಮಾರು 1,900 ಕುಟುಂಬಗಳಿಗೆ ಹಂಚಿದರು. ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಇಲ್ಲದವರಿಗೂ ಕೊಟ್ಟರು.

ಅದೇ ಡಿಸೆಂಬರಿನಲ್ಲಿ ವೆಂಚುರಾ, ಸಾಂಟಾ ಬಾರ್ಬರಾ ಕಡೆ ಥಾಮಸ್ ಬೆಂಕಿ. ಅಲ್ಲೊಂದು ತಮಾಷೆ ನಡೆಯಿತು. ನಗುವಂಥದ್ದಲ್ಲ. ಸರ್ಕಾರಿ ಎಚ್ಚರಿಕೆ ಮೊದಲು ಬಂದಿದ್ದು ಇಂಗ್ಲಿಷಿನಲ್ಲಿ. ಆಮೇಲೆ ಯಂತ್ರದಿಂದ ಸ್ಪ್ಯಾನಿಷ್‌ಗೆ ತಿರುಗಿಸಿದರು. ಇಂಗ್ಲಿಷಿನ ‘ಬ್ರಷ್ ಫೈರ್’, ಅಂದರೆ ಕುರುಚಲು ಗಿಡಗಳ ಬೆಂಕಿ ಅನ್ನುವುದು, ತಲೆ ಬಾಚುವ ಬ್ರಷ್ಷಿನ ಬೆಂಕಿ ಆಗಿ ಕೂತಿತ್ತು! ಆಕ್ಸ್‌ನಾರ್ಡ್‌ನ ಸ್ಟ್ರಾಬೆರಿ ಹೊಲದಲ್ಲಿ ಹೊಗೆಯೊಳಗೇ ಕೆಲಸ ನಡೆದಿತ್ತು. ಅಲ್ಲಿನ ಎಷ್ಟೋ ಜನ ಮೆಕ್ಸಿಕೋದ ವಹಾಕಾ ಸೀಮೆಯವರು. ಮನೆಮಾತು ಮಿಕ್ಸ್‌ಟೆಕೋ, ಅವರಲ್ಲಿ ಸ್ಪ್ಯಾನಿಷ್ ಕೂಡ ಅಷ್ಟಕ್ಕಷ್ಟೇ ಬರುವವರಿದ್ದಾರೆ. ಹೊಲಕ್ಕೆ ಹೋಗಿ ಮಾಸ್ಕ್ ಹಂಚಿದ್ದು ಸ್ಥಳೀಯ ಸಂಘಟನೆಗಳು. ಅವರೇ ‘805 ಅನ್‌ಡಾಕ್ಯುಫಂಡ್’ ಶುರು ಮಾಡಿದರು. 805 ಅಂದರೆ ಆ ಕಡೆಯ ಫೋನ್ ಕೋಡ್.

ಭಯದ ಮಾತೂ ಇದೆ. ಫೆಮಾ ಮತ್ತು ವಲಸೆ ಪೊಲೀಸರು, ಅಂದರೆ ಅವರು ‘ಲಾ ಮಿಗ್ರಾ’ ಅಂತ ಪಿಸುಗುಡುವವರು, 2003ರಿಂದ ಒಂದೇ ಇಲಾಖೆಯ ಕೆಳಗೆ ಇದ್ದಾರೆ. ಮಾಹಿತಿಯನ್ನು ಇಲಾಖೆಯೊಳಗೆ ಹಂಚಿಕೊಳ್ಳಬಹುದು ಅಂತ ಅರ್ಜಿಯಲ್ಲೇ ಇದೆ. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಲಸೆ ಪೊಲೀಸರ ದಾಳಿ ಶುರುವಾದ ಮೇಲೆ ಯಾವ ಧೈರ್ಯದ ಮೇಲೆ ಸಹಿ ಹಾಕುತ್ತಾರೆ? ಆದರೆ ಆಲ್ಟಡೀನಾ ಪಕ್ಕದ ಪ್ಯಾಸಡೀನಾದ ದಿನಗೂಲಿ ಕೇಂದ್ರಕ್ಕೆ ಅವರು ಹೋಗುತ್ತಾರೆ. ಬೆಂಕಿ ಇನ್ನೂ ಆರಿರಲಿಲ್ಲ, ಆ ಕೇಂದ್ರದ ಕೂಲಿಯವರು ಪೊರಕೆ ಹಿಡಿದು ಬೀದಿಗೆ ಬಿದ್ದ ಕೊಂಬೆ ಗುಡಿಸುತ್ತಿದ್ದರು. ದಿನಸಿ ಹಂಚಿದ್ದೂ ಅಲ್ಲೇ. ದುಡ್ಡು ಅಂಥ ಬಾಗಿಲಿನಿಂದ ಬಂದರೆ ಮಾತ್ರ ಇವರ ಕೈಗೆ ಸೇರುತ್ತದೆ.

ವಿರೋಧ: ಬೇಡ, ಇರುವ ಕ್ಯೂ ಸರಿ ಮಾಡಿ

ಕಾಗದ ಇಲ್ಲದೆ ಬಂದವರಿಗೆ ಯಾಕೆ ಕೊಡಬೇಕು ಅನ್ನುವ ವಾದ ನನ್ನದಲ್ಲ. ಅನ್‌ಡಾಕ್ಯುಫಂಡ್‌ನದು ದಾನಿಗಳ ದುಡ್ಡು, ಯಾರಿಗೆ ಕೊಡಬೇಕು ಅನ್ನುವುದು ಅವರಿಷ್ಟ. ಅಂಗಡಿಯಲ್ಲಿ ಸೇಲ್ಸ್ ಟ್ಯಾಕ್ಸ್ ಈ ಮಾಲಿಯೂ ಕಟ್ಟುತ್ತಾನೆ. ನನ್ನ ತಕರಾರು ಬೇರೆ. ಪ್ರತ್ಯೇಕ ನಿಧಿ ಅಂದ ಕೂಡಲೇ ಜನ ಸಣ್ಣ ಕ್ಯೂಗೆ ಹೋಗಿ ದೊಡ್ಡದನ್ನು ಕಳೆದುಕೊಳ್ಳುತ್ತಾರೆ.

ಲೆಕ್ಕ ನೋಡಿ. 60 ಲಕ್ಷ ಡಾಲರನ್ನು 1,900 ಮನೆಗೆ ಹಂಚಿದರೆ ಮನೆಗೆ ಮೂರು ಸಾವಿರದ ಸುತ್ತಮುತ್ತ. ಈಟನ್ ಬೆಂಕಿಯ ಹೊತ್ತಿಗೆ ಫೆಮಾದ ಗರಿಷ್ಠ ಮಿತಿ ವಸತಿಗೆ 43,600 ಡಾಲರ್, ಬೇರೆ ಅಗತ್ಯಗಳಿಗೆ ಇನ್ನೂ 43,600. ತುರ್ತಿಗೆ ಅಂತ ಮೊದಲೇ ಕೊಡುವ 770 ಡಾಲರ್ ಈ ಎರಡನೆಯದರಲ್ಲೇ ಸೇರಿದೆ. ಎಲ್ಲರಿಗೂ ಪೂರ್ತಿ ಸಿಗಲ್ಲ, ಸರಿ. ಆದರೂ ಆನೆಗೂ ಆಡಿಗೂ ಇರುವ ವ್ಯತ್ಯಾಸ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಅಪ್ಪ ಅಮ್ಮನಿಗೆ ಕಾಗದ ಇಲ್ಲದಿದ್ದರೂ ಮನೆಯಲ್ಲಿ ಅಮೆರಿಕದಲ್ಲೇ ಹುಟ್ಟಿ ಅಲ್ಲಿನ ನಾಗರಿಕನಾದ ಚಿಕ್ಕ ಮಗು ಇದ್ದರೆ, ಆ ಮಗುವಿನ ಹೆಸರಲ್ಲಿ ಫೆಮಾಗೆ ಅರ್ಜಿ ಹಾಕಬಹುದು. ಮಗುವಿನ ಸೋಷಿಯಲ್ ಸೆಕ್ಯುರಿಟಿ ನಂಬರ್ ಸಾಕು. ಹೆತ್ತವರ ವಲಸೆ ಸ್ಥಿತಿ ಕೇಳುವ ಹಾಗಿಲ್ಲ. ಇಂಥ ಅರ್ಧ-ಅರ್ಧ ಕುಟುಂಬಗಳು ಲೆಕ್ಕವಿಲ್ಲದಷ್ಟಿವೆ. ‘ನಿಮಗೆ ಅಂತಲೇ ಬೇರೆ ನಿಧಿ ಇದೆ, ಅಲ್ಲಿ ಹೋಗಿ’ ಅಂದರೆ ಅವರು ಹೋಗುತ್ತಾರೆ. ಫೆಮಾ ಗಡುವು ಸುಮ್ನೆ ಮುಗಿದುಹೋಗುತ್ತದೆ.

ಅಲ್ಲದೆ ಲ್ಯಾಟಿನೋ ಅಂದರೆ ಕಾಗದ ಇಲ್ಲದವರು ಅನ್ನುವ ಹಣೆಪಟ್ಟಿ ಬೇರೆ ಅಂಟಿಕೊಳ್ಳುತ್ತದೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಹೆಚ್ಚು ಕಡಿಮೆ ಅರ್ಧ ಜನ ಲ್ಯಾಟಿನೋಗಳು, ಅವರಲ್ಲಿ ಬಹುಪಾಲು ನಾಗರಿಕರು. ಇನ್ನೊಂದು ಕಡೆ, ಕಾಗದ ಸರಿಯಾಗಿಯೇ ಇದ್ದು ಫೆಮಾ ನಗದು ಸಿಗದವರೂ ಇದ್ದಾರೆ. ಎಚ್-1ಬಿ ವೀಸಾದಲ್ಲಿರುವವರು, ವಿದ್ಯಾರ್ಥಿ ವೀಸಾದಲ್ಲಿರುವವರು. ಬೆಂಗಳೂರಿಂದ ಹೋಗಿ ಅಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮವರೂ ಗ್ರೀನ್ ಕಾರ್ಡ್ ಬರುವ ತನಕ ಇದೇ ಗೆರೆಯ ಆಚೆ. ಅವರಿಗೂ ಮಗುವಿನ ಹೆಸರಿನ ದಾರಿಯೇ ಗತಿ. ಸಂಬಳ, ವಿಮೆ ಇದೆ ಅಂತ ಅವರಿಗೆ ಇದು ಗೊತ್ತಾಗಿಲ್ಲ, ಅಷ್ಟೇ. ಗೆರೆ ಎಳೆದಿರುವುದೇ ತಪ್ಪು ಅಂದರೆ ಗೆರೆ ಅಳಿಸಬೇಕು. ಆಚೆ ಕಡೆ ಒಂದು ಚಾಪೆ ಹಾಸಿ ಕೂರಿಸುವುದಲ್ಲ.

ದೇಣಿಗೆಯ ದುಡ್ಡಿಗೆ ಇನ್ನೊಂದು ಕಾಯಿಲೆ. ಅದು ಟಿವಿ ಕ್ಯಾಮೆರಾ ಇರುವ ತನಕ ಬರುತ್ತದೆ. 805 ನಿಧಿಯಲ್ಲಿ ಕಾಯುವವರ ಪಟ್ಟಿ ಉದ್ದ ಇತ್ತು. 2020ರ ಕೋವಿಡ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವೇ 7.5 ಕೋಟಿ ಡಾಲರ್ ಹಾಕಿ, ಕಾಗದ ಇಲ್ಲದವರಿಗೆ ತಲೆಗೆ 500, ಮನೆಗೆ ಹೆಚ್ಚೆಂದರೆ 1,000 ಕೊಟ್ಟಿತು. ಅರ್ಜಿ ತೆರೆದ ದಿನವೇ ಫೋನ್ ಲೈನುಗಳು ಜಾಮ್. ಯಾರಿಗೆ ಲೈನ್ ಸಿಕ್ಕಿತೋ ಅವರಿಗೆ ಅದೃಷ್ಟ. 2025ರ ಜನವರಿ 30ರ ಫೈರ್‌ಏಡ್ ಸಂಗೀತ ಕಛೇರಿಯಿಂದ ಸುಮಾರು 10 ಕೋಟಿ ಡಾಲರ್ ಬಂತು. ಅದು ಹೋಗಿದ್ದು ಸಂಸ್ಥೆಗಳಿಗೆ. ಕೆಲವೇ ತಿಂಗಳಲ್ಲಿ ಮನೆ ಸುಟ್ಟವರು ‘ನಮ್ಮ ಕೈಗೆ ಎಲ್ಲಿ ಬಂತು?’ ಅಂತ ಕೇಳತೊಡಗಿದರು. ಆಮೇಲೆ ನಡೆದ ಪರಿಶೀಲನೆಯಲ್ಲಿ ದುರುಪಯೋಗ ಕಾಣಲಿಲ್ಲ. ಆದರೂ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ, ಅಲ್ವಾ?

ಲಾ ಮಿಗ್ರಾ ಭಯಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಮಗುವಿನ ಅರ್ಜಿಯಲ್ಲೂ ಮನೆಯ ವಿಳಾಸ ಇರುತ್ತದೆ. ಇಲ್ಲಿ ಪರ ವಾದ ಗೆಲ್ಲುತ್ತದೆ, ಒಪ್ಪುತ್ತೇನೆ. ಮಾಲಿಯ ರೂಟ್ ವಿಷಯದಲ್ಲೂ ಅಷ್ಟೇ, ಅದಕ್ಕೆ ಫೆಮಾದಲ್ಲಿ ಖಾನೆಯೇ ಇಲ್ಲ. ಆದರೆ ಮನೆ ಕಳೆದುಕೊಂಡವರ ವಿಷಯಕ್ಕೆ ಬಂದರೆ ನಿಧಿಗಿಂತ ಮೊದಲು ಬೇಕಾಗಿರುವುದು ಪರಿಹಾರ ಕೇಂದ್ರದಲ್ಲಿ ಒಂದು ಮೇಜು. ಅಲ್ಲಿ ಸ್ಪ್ಯಾನಿಷ್ಷೋ ಮಿಕ್ಸ್‌ಟೆಕೋವೋ ಬರುವ ಒಬ್ಬರು, ಜೊತೆಗೊಬ್ಬ ವಲಸೆ ವಕೀಲ. ಬಂದವರನ್ನು ಕೂರಿಸಿ ಮೊದಲು ಕೇಳಬೇಕಾದ್ದು, ‘ಮನೆಯಲ್ಲಿ ಇಲ್ಲೇ ಹುಟ್ಟಿದ ಮಗು ಇದೆಯೇನಮ್ಮಾ?’